ಕರಗುವ ಚೀಲದ ಶೇರು

ಕಾರವಾರದಲ್ಲಿ ನಾನು ಗುಮಾಸ್ತನಾಗಿದ್ದ ಕಚೇರಿಯ ಎದುರಿಗೆ, ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ, ಶೇರು ಕೊಡಿಸಿ ಮಾರಿಸುವ ಏಜೆಂಟನ ಕೋಣೆಯಿತ್ತು. ಒಂದು ಕಂಪ್ಯೂಟರು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಕಿರ್ರೆನ್ನುವ ಒಂದು ಫ್ಯಾನು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ. ಶೇರುಪೇಟೆ ಏರುತ್ತಿತ್ತು, ಅದರ ಜೊತೆಗೆ ನಮ್ಮ ತಲೆಯೂ ಏರಿತ್ತು. ಊಟದ ಬಿಡುವಿನಲ್ಲಿ ನಾನು ಡಬ್ಬಿ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ಖಾಯಂ ಬರುವವರು ಇನ್ನಿಬ್ಬರು: ನಿವೃತ್ತರಾದ ಒಬ್ಬ ವಿಜ್ಞಾನ ಮಾಸ್ತರರು, ಪಕ್ಕದ ಔಷಧ ಅಂಗಡಿಯ ಮಾಲಕರು. ಮೂವರೂ ಇಪ್ಪತ್ತೋ ಐವತ್ತೋ ಶೇರು ಕೊಳ್ಳುವ ಚಿಲ್ಲರೆ ಮಂದಿ. ಮಾತು ಕೇಳಿದರೆ ಮಾತ್ರ ಮುಂಬೈ ಪೇಟೆ ನಮ್ಮ ಅಪ್ಪಣೆಗೆ ಕಾದು ನಿಂತಿದೆ ಅನ್ನಬೇಕು.

ಆ ಕಂಪನಿಯನ್ನು ಕಂಡುಹಿಡಿದವರು ಮಾಸ್ತರರು. ಮೆಕ್ಕೆಜೋಳದ ಹಿಟ್ಟಿನಿಂದ ಚೀಲ ಮಾಡುವ ಕಂಪನಿ. ನೋಡಲಿಕ್ಕೆ ಪ್ಲಾಸ್ಟಿಕ್ಕಿನ ಹಾಗೇ, ಮಣ್ಣಿಗೆ ಹಾಕಿದರೆ ಆರು ತಿಂಗಳಲ್ಲಿ ಮಣ್ಣು. "ನಾಳೆ ಸರಕಾರ ಪ್ಲಾಸ್ಟಿಕ್ ಬಂದ್ ಮಾಡ್ತದೆ. ಆವಾಗ ಇಡೀ ದೇಶ ಇವ್ರ ಬಾಗ್ಲಿಗೆ ಬರ್ಬೇಕು" ಎಂದು ಅವರು ಪಾಠದ ದನಿಯಲ್ಲಿ ಹೇಳಿದಾಗ ನಾನು ಹೂಂಗುಟ್ಟಿದೆ. ಹೂಂಗುಟ್ಟಿದ್ದಷ್ಟೇ ಅಲ್ಲ, ನನ್ನ ದುಡ್ಡಿನ ಜೊತೆ ಅಕ್ಕನ ದುಡ್ಡನ್ನೂ ಹಾಕಿದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಮೈ ಉರಿಯುತ್ತದೆ.

ನನ್ನ ದೊಡ್ಡಕ್ಕ ಅಂಕೋಲೆಯಲ್ಲಿ ಮೀನು ಮಾರುತ್ತಿದ್ದಳು. ನಸುಕಿಗೆದ್ದು ಕಾರವಾರದ ಬಂದರಿಗೆ ಬಂದು, ಮೀನು ಕೊಂಡು, ಬುಟ್ಟಿ ಸಮೇತ ಬಸ್ಸು ಹತ್ತಬೇಕು. ಮೀನಿನ ಬುಟ್ಟಿ ಕಂಡರೆ ಕಂಡಕ್ಟರುಗಳ ಮುಖ ಹುಳಿಯಾಗುತ್ತದೆ. ನೀರು ಸೋರುತ್ತದೆ, ವಾಸನೆ ಬರುತ್ತದೆ, ಮುಂದಿನ ಬಸ್ಸಿಗೆ ಬಾ. ಮುಂದಿನ ಬಸ್ಸಿನಲ್ಲೂ ಅದೇ ಮಾತು. ಹೀಗೆ ಇಪ್ಪತ್ತು ವರ್ಷ ಬೈಸಿಕೊಂಡವಳಿಗೆ ಒಂದೇ ಆಸೆಯಿತ್ತು: ಒಂದು ಹಳೇ ಗೂಡ್ಸ್ ರಿಕ್ಷಾ. ಭಾವ ಓಡಿಸುತ್ತಾನೆ, ಬುಟ್ಟಿ ಹಿಂದೆ, ತಾನು ಭಾವನ ಪಕ್ಕದಲ್ಲಿ. ಅದಕ್ಕೆಂದು ಅವಳು ಉಳಿಸಿಟ್ಟಿದ್ದು ಹತ್ತಿರ ಹತ್ತಿರ ಸಾಲುವಷ್ಟಾಗಿತ್ತು. ನಾನೇ ಹೋಗಿ ಹೇಳಿದೆ, ಆರು ತಿಂಗಳು ಶೇರಿನಲ್ಲಿಟ್ಟರೆ ಕೊರತೆ ತುಂಬುತ್ತದೆ ಎಂದು.

"ಎಂತಾ ಕಂಪ್ನಿ ತಮಾ ಅದು?" ಎಂದು ಕೇಳಿದಳು. ಚೀಲದ ಸಂಗತಿ ಹೇಳಿದೆ.

"ಮೀನು ಹಾಕಿದ್ರೆ ನೀರು ಸೋರೂದಿಲ್ವಾ?"

"ಇಲ್ಲ" ಎಂದೆ, ಆ ಚೀಲವನ್ನು ಕಣ್ಣಲ್ಲಿ ನೋಡದೆಯೇ.

"ಹಂಗಾರೆ ಚಲೋ ಕಂಪ್ನಿ. ಹಾಕು" ಎಂದಳು. ಶೇರು ಇಡಲು ಬೇಕಾದ ಡಿಮ್ಯಾಟ್ ಖಾತೆ ಅವಳಿಗಿರಲಿಲ್ಲ, ನನ್ನ ಖಾತೆಯಲ್ಲೇ ಕೊಂಡೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಕಂಪನಿ ತನ್ನ ವರದಿಯ ಪುಸ್ತಕದ ಜೊತೆ ಶೇರುದಾರರಿಗೆಲ್ಲ ಒಂದೊಂದು ಕಟ್ಟು ಚೀಲ ಕಳಿಸಿತು. ನಾನು ದೊಡ್ಡಸ್ತಿಕೆಯಿಂದ ನನ್ನ ಕಟ್ಟನ್ನು ಅಕ್ಕನಿಗೆ ಕೊಟ್ಟೆ. ಮರುದಿನವೇ ಅವಳು ಬಂಗಡೆಗಳನ್ನೆಲ್ಲ ಆ ಚೀಲಗಳಲ್ಲಿ ತುಂಬಿ, ಬಾಯಿ ಕಟ್ಟಿ, ಬುಟ್ಟಿಯಲ್ಲಿಟ್ಟು, ಕಂಡಕ್ಟರಿಗೆ ಎದೆಯುಬ್ಬಿಸಿ ತೋರಿಸಿ ಬಸ್ಸು ಹತ್ತಿದ್ದಾಳೆ. ದಾರಿಯಲ್ಲಿನ ಅವರ್ಸಾ ಊರು ಬರುವಷ್ಟರಲ್ಲಿ ಉಪ್ಪುನೀರಿಗೆ ಚೀಲಗಳು ಗಂಜಿಯ ಹಾಗೆ ಲೋಳೆಯಾಗಿ ಬಿರಿದಿವೆ. ಮದುವೆಗೆ ಹೊರಟಿದ್ದ ಒಬ್ಬ ಹೆಂಗಸಿನ ಸೀರೆಯ ಅಂಚಿಗೆ ಮೀನುನೀರು ಹರಿದಿದೆ. ನಡುದಾರಿಯಲ್ಲಿ ಅಕ್ಕನನ್ನೂ ಬುಟ್ಟಿಯನ್ನೂ ಇಳಿಸಿ ಬಸ್ಸು ಹೋಗಿದೆ.

ಅಲ್ಲಿಯದೇ ಒಂದು ಅಂಗಡಿಯ ಕಾಯಿನ್ ಫೋನಿನಿಂದ ನನ್ನ ಕಚೇರಿಗೆ ಅಕ್ಕನ ಫೋನು ಬಂತು. ಅತ್ತಿರಲಿಲ್ಲ, ಬೈಯಲೂ ಇಲ್ಲ. "ಆ ಶೇರು ಮಾರ್ಬಿಡು ತಮಾ. ಒಂದ್ ತಾಸೂ ತಡೀಲಿಲ್ಲ ಅದು. ತಡೀದಿದ್ದ ಚೀಲ ಯಾರ್ ತಕಂತಾರೆ? ಇವತ್ತೇ ಮಾರು" ಎಂದಳು.

ಮಾರುವುದೆಂದೇ ನಿರ್ಧರಿಸಿ ಮಧ್ಯಾಹ್ನ ಮಾಳಿಗೆ ಹತ್ತಿದೆ. ನಡೆದದ್ದನ್ನು ಹೇಳಿದೆ. ಮಾಸ್ತರರು ತೊಡೆ ತಟ್ಟಿಕೊಂಡು ನಕ್ಕರು.

"ನೋಡಿದ್ರಾ? ಕಂಪ್ನಿಯವ್ರು ಆರು ತಿಂಗ್ಳು ಅಂದಿದ್ರು. ನಿಮ್ಮಕ್ಕ ಒಂದೇ ತಾಸಲ್ಲಿ ಕರಗ್ಸಿ ತೋರ್ಸಿದ್ರು. ಇದಕ್ಕಿಂತ ಪುರಾವೆ ಬೇಕಾ?"

"ಮಾಸ್ತರರೇ, ಅದು ಮಣ್ಣಲ್ಲಿ ಕರಗ್ಬೇಕು, ಬಸ್ಸಲ್ಲಲ್ಲ" ಎಂದೆ.

"ಮೀನಿಗೆ ಮಾಡಿದ್ದಲ್ಲ ಮಾರಾಯ್ರೆ ಅದು" ಎಂದರು ಔಷಧ ಅಂಗಡಿಯವರು. "ಫಾರಿನ್ ಅಂಗಡಿಗಳಲ್ಲಿ ಬಿಸ್ಕೀಟು, ಬ್ರೆಡ್ಡು ಹಾಕೂಕೆ. ದೊಡ್ಡ ಆರ್ಡರು ಬತ್ತಾ ಅದೆಯಂತೆ. ಅಲ್ಲಿ ಬಂಗ್ಡೆ ಯಾರು ತುಂಬ್ತಾರೆ?"

"ನಿಮ್ಗೆ ಬಂದ ಚೀಲದ ಕಟ್ಟು ಅಂಗಡೀಲಿ ತೂಗು ಹಾಕಿದ್ರಲ್ಲ, ಅದೇನಾಯ್ತು? ಮೀನಿಲ್ಲ, ನೀರಿಲ್ಲ, ಇಡೀ ಕಟ್ಟು ಅಂಟ್ಕೊಂಡು ರೊಟ್ಟಿಯಾಗಿರ್ಲಿಲ್ವಾ?" ಎಂದು ಕೇಳಿದೆ.

"ಅದು ನಮ್ಮೂರ ಹವೆಯ ದೋಷ. ಕಂಪ್ನಿಯದ್ದಲ್ಲ" ಎಂದು ಅವರು ಗಂಭೀರವಾಗಿ ಹೇಳಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ. ಆದರೆ ಅವರನ್ನು ಬೈದು ಏನು ಬಂತು, ನಾನೂ ಅದೇ ಕೊಟ್ಟಿಗೆಯಲ್ಲಿದ್ದೆನಲ್ಲ. ಏಜೆಂಟ ಕೀಲಿಮಣೆಯ ಮೇಲೆ ಕೈಯಿಟ್ಟು, "ಇವತ್ತೂ ಏರಿದೆ. ಮಾರೂದಾದ್ರೆ ಹೇಳಿ, ಈಗ್ಲೇ ಮಾರಿ ಕೊಡ್ತೆ" ಎಂದ. ತೆರೆಯ ಮೇಲಿನ ಹಸಿರು ಅಂಕಿ ನೋಡಿದೆ. ಆ ದಿನ ಮಾರಿದ್ದರೆ ರಿಕ್ಷಾ ಬಂದು ಮೇಲೆ ಸ್ವಲ್ಪ ಉಳಿಯುತ್ತಿತ್ತು. ಇನ್ನೊಂದು ವಾರ ಕಾದರೆ ಇನ್ನೂ ಒಳ್ಳೆಯ ರಿಕ್ಷಾ ಬರಬಹುದಲ್ಲ ಅನ್ನಿಸಿತು. "ಒಂದು ವಾರ ನೋಡುವಾ" ಎಂದು ಡಬ್ಬಿ ಬಿಚ್ಚಿ ಊಟಕ್ಕೆ ಕೂತೆ.

ಭಾನುವಾರ ಅಂಕೋಲೆಗೆ ಹೋದಾಗ ಅಕ್ಕ ಬಾಗಿಲಲ್ಲೇ ಕೇಳಿದಳು, "ಮಾರಿದ್ಯಾ?"

"ಮಾರಿದೆ" ಎಂದೆ. "ದುಡ್ಡು ಕೈಗೆ ಬರೂಕೆ ಹದಿನೈದು ದಿನ ಬೇಕು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಹದಿನೈದು ದಿನದಲ್ಲಿ ಹೆಚ್ಚೇ ದುಡ್ಡು ತಂದುಕೊಟ್ಟರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಕ್ಕ ಅಂದೇ ಹಳೇ ರಿಕ್ಷಾ ಮಾರಲಿದ್ದ ಒಬ್ಬನಿಗೆ ಮಾತು ಕೊಟ್ಟಳು. ಭಾವ ಲೈಸೆನ್ಸು ಮಾಡಿಸಲು ಓಡಾಡತೊಡಗಿದ. ದಿನಾ ಸಂಜೆ ಹೋಗಿ, ಆ ರಿಕ್ಷಾದ ಸುತ್ತ ಒಂದು ಸುತ್ತು ಹಾಕಿ, ಟೈರು ಒತ್ತಿ ನೋಡಿ ಬರುತ್ತಿದ್ದನಂತೆ.

ಮರುವಾರವೇ ಫಾರಿನ್ ಆರ್ಡರು ಬರೀ ಗಾಳಿಸುದ್ದಿ ಎಂದು ಗೊತ್ತಾಯಿತು. ಶೇರು ಬಿತ್ತು. ಸಾದಾ ಬೀಳುವಿಕೆಯಲ್ಲ. ಬೆಳಿಗ್ಗೆ ಪೇಟೆ ತೆರೆಯುವುದೇ ತಡ, ಒಂದು ದಿನಕ್ಕೆ ಎಷ್ಟು ಇಳಿಯಲು ಪೇಟೆಯ ನಿಯಮ ಬಿಡುತ್ತದೋ ಅಷ್ಟೂ ಇಳಿದು ನಿಲ್ಲುತ್ತಿತ್ತು. ಮಾರುವವರ ಸಾಲು, ಕೊಳ್ಳುವವನು ಒಬ್ಬನೂ ಇಲ್ಲ. ದಿನಾ ಮಾರಲು ಹೇಳುತ್ತಿದ್ದೆ, ಏಜೆಂಟ ದಿನಾ ಆಗಲಿಲ್ಲವೆಂದು ತಲೆಯಾಡಿಸುತ್ತಿದ್ದ. ಮಾಸ್ತರರು ಮಾತ್ರ, "ಹೆದರ್ಬೇಡಿ. ಈ ರೇಟಿಗೆ ಇನ್ನಷ್ಟು ಕೊಂಡ್ರೆ ನಾವು ಕೊಂಡ ಸರಾಸರಿ ಇಳೀತದೆ" ಎಂದರು. ನನ್ನ ತಾಳ್ಮೆ ತಪ್ಪಿತು. ಹಿರಿಯರೆಂದೂ ನೋಡದೆ, "ನಿಮ್ಮ ವಿಜ್ಞಾನಕ್ಕಿಷ್ಟು ಬೆಂಕಿ ಬೀಳ" ಎಂದೆ. ಅವರು ಚಪ್ಪಲಿ ಮೆಟ್ಟಿ ಇಳಿದು ಹೋದರು. ಅವರ ಪಿಂಚಣಿ ಗಂಟಿನ ಬಹುಪಾಲು ಅದರಲ್ಲೇ ಇತ್ತು ಎಂದು ಆಮೇಲೆ ತಿಳಿಯಿತು.

ಹದಿನೈದನೆಯ ದಿನ ಅಂಕೋಲೆಗೆ ಹೋದೆ. ಅಕ್ಕ ಅಡಿಗೆಮನೆಯಲ್ಲಿ ಒಬ್ಬಳೇ ಕಾಯಿ ತುರಿಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ತುರಿಯುವುದನ್ನು ನಿಲ್ಲಿಸಿದಳು.

"ನಾ ಫೋನ್ ಮಾಡಿದ್ ದಿನ ಮಾರಿದ್ರೆ ಬತ್ತಿತ್ತಾ?"

"ಬತ್ತಿತ್ತು."

"ಮತ್ತೆ ಎಂತಕೆ ಮಾರ್ಲಿಲ್ಲ?"

ಮಾಸ್ತರರ ಮಾತು, ಔಷಧ ಅಂಗಡಿಯವರ ಮಾತು ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ಅವ್ರೆಲ್ಲ ಮೀನು ಹೊತ್ತವ್ರಾ?" ಎಂದಳು. ಕೊಂಕಲ್ಲ, ನಿಜವಾಗಿಯೇ ತಿಳಿದುಕೊಳ್ಳಲು ಕೇಳಿದ್ದು.

ಅಷ್ಟರಲ್ಲಿ ಭಾವ ಬಂದ. ಕೈಯಲ್ಲಿ ರಿಕ್ಷಾದ ಕಾಗದಪತ್ರಗಳ ಜೆರಾಕ್ಸು. ನನ್ನನ್ನು ಕಂಡು ಮುಖ ಅರಳಿತು. "ಬಂದ್ಯಾ? ನಾಳೆನೇ ಮುಗ್ಸುವಾ. ರಿಕ್ಷಾದವ ಬೇರೆ ಗಿರಾಕಿ ಬಂದ ಅಂತಾ ಅವನೆ" ಎಂದ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ರಿಕ್ಷಾ ಬ್ಯಾಡ. ದುಡ್ಡಿಲ್ಲ" ಎಂದಳು.

"ಮಾರಿದೆ ಅಂದಿದ್ನಲ್ಲ?"

"ಮಾರೂಕೆ ಹೊರಟಿದ್ದ. ನಾನೇ ಬ್ಯಾಡ ಅಂದೆ, ನಿಮ್ಗೆ ಮಾರಿದೆ ಅನ್ನು ಅಂತ್ಲೂ ನಾನೇ ಹೇಳ್ದೆ. ಇನ್ನೂ ಏರ್ತದೆ ಅಂತ ಆಸೆ ಆಯ್ತು. ಈಗ ಬಿದ್ ಹೋತು."

ಭಾವ ಅವಳನ್ನೇ ನೋಡಿದ. ಆಮೇಲೆ ಶುರು ಮಾಡಿದ. ಅತಿ ಆಸೆ ಗತಿಗೇಡು ಎಂದ, ಇಪ್ಪತ್ತು ವರ್ಷದ ದುಡಿಮೆಯನ್ನು ನೀರಿಗೆ ಹಾಕಿದಳು ಎಂದ, ತಮ್ಮನಿಗಿದ್ದಷ್ಟು ಬುದ್ಧಿಯೂ ನಿನಗಿಲ್ಲವಾಯಿತಲ್ಲ ಎಂದ. ಅಕ್ಕ ಮತ್ತೆ ಕಾಯಿ ತುರಿಯುತ್ತ ಎಲ್ಲ ಕೇಳಿಸಿಕೊಂಡಳು. ಅಲ್ಲ ಭಾವ, ಅವಳಲ್ಲ, ನಾನು ಎನ್ನಲು ನನಗೆ ಮೂರು ಮಾತು ಸಾಕಿತ್ತು. ಅವಳು ಒಮ್ಮೆ ತಲೆಯೆತ್ತಿ ನನ್ನತ್ತ ನೋಡಿದಳು, ಸುಮ್ಮನಿರು ಎನ್ನುವ ಹಾಗೆ. ನಾನು ಸುಮ್ಮನಿದ್ದೆ. ಹೇಡಿಗೆ ಅಷ್ಟು ಸನ್ನೆ ಸಾಕು.

ಅಕ್ಕ ಮತ್ತೆ ಏಳು ವರ್ಷ ಬಸ್ಸಿನಲ್ಲೇ ಓಡಾಡಿ, ಮಂಡಿ ಹೋದ ಮೇಲೆ ಮೀನು ಮಾರುವುದು ಬಿಟ್ಟಳು. ನಾನು ಹೋದಾಗಲೆಲ್ಲ ಪಕ್ಕದಲ್ಲೇ ಕೂರಿಸಿ ಊಟ ಬಡಿಸುತ್ತಾಳೆ. ರಸ್ತೆಯಲ್ಲಿ ಗೂಡ್ಸ್ ರಿಕ್ಷಾ ಸದ್ದು ಮಾಡಿದರೆ ಭಾವ ಇಂದಿಗೂ, "ಇವಳ ಆಸೆಯಿಂದ ಕೆಟ್ವಿ" ಎನ್ನುತ್ತಾನೆ. ಅವಳು ಹೌದು ಎನ್ನುತ್ತಾಳೆ. ನಾನು ತಲೆ ತಗ್ಗಿಸಿ ಉಣ್ಣುತ್ತೇನೆ.