ಎರಡನೇ ಪಾತ್ರೆಯ ಸಾಂಬಾರು

ಸೂರತ್ತಿನ ಅಡಾಜಣ್‌ನಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದ ಶೆಟ್ಟರಿಗೆ, ಮಿದುಳಿನಲ್ಲಿ ಮಾತಿನ ಜಾಗದ ಪಕ್ಕದಲ್ಲೇ ಗಡ್ಡೆ. ಅವರನ್ನು ಮಾತಾಡಿಸುತ್ತಲೇ ಅದನ್ನು ತೆಗೆಯಬೇಕಿತ್ತು. ತಲೆಬುರುಡೆ ತೆರೆಯುವವರೆಗೆಂದು ಅರಿವಳಿಕೆ ವೈದ್ಯನಾದ ನಾನು ಕೊಟ್ಟ ಮಂಪರಿನ ಔಷಧಿ, ತೆರೆದಾದ ಮೇಲೂ ಇಳಿಯದೆ ತುಸು ಹೆಚ್ಚೇ ಹಿಡಿದು, ಉಸಿರು ನಿಧಾನವಾಗಿ, ಆಕ್ಸಿಜನ್ ಇಳಿಯತೊಡಗಿತು. ಔಷಧಿ ನಿಲ್ಲಿಸಿದೆ. ಗಂಟಲಿಗೆ ಕೊಳವೆ ಇಳಿಸಿದರೆ ಅವರು ಮಾತಾಡಲಾರರು. ಮಾತಾಡಿಸದೆ ಕೊಯ್ದರೆ ಆಮೇಲೆ ಮಾತು ಉಳಿಯುತ್ತದೆಂಬ ಭರವಸೆಯಿಲ್ಲ. ಹಿಂದಿಯಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ, ಜೋರಾಗಿ ಉಸಿರೆಳೆಯಿರಿ ಎಂದು. ಹೂಂ ಇಲ್ಲ, ಉಹೂಂ ಇಲ್ಲ.

ಆಪರೇಷನ್ ಥಿಯೇಟರಿನಲ್ಲಿ ಹರಟೆ ನನಗಾಗದು. ಆದರೂ ಅವರ ಕಿವಿಯ ಬಳಿ ಬಗ್ಗಿ ಕನ್ನಡದಲ್ಲಿ ಕೇಳಿದೆ: "ಶೆಟ್ರೇ, ನಿಮ್ಮ ಸಾಂಬಾರಿಗೆ ಅಷ್ಟೊಂದು ಬೆಲ್ಲ ಯಾಕೆ?"

ಶೆಟ್ಟರು ದೀರ್ಘವಾಗಿ ಉಸಿರೆಳೆದರು. "ಅದು ಇಲ್ಲಿಯವರಿಗೆ ಮಾರಾಯ್ರೆ. ನಮ್ಮವರಿಗೆ ಬೇರೆ ಪಾತ್ರೆ ಉಂಟು."

"ಅದಕ್ಕೇನು ಹಾಕ್ತೀರಿ?"

ಕೊತ್ತಂಬರಿ, ಮೆಂತೆ, ಬ್ಯಾಡಗಿ ಮೆಣಸು ಎಂದು ಹೇಳುತ್ತಾ ಹೋದರು. ಆಕ್ಸಿಜನ್ ಏರುತ್ತಾ ಬಂತು. ಗಡ್ಡೆ ಹೊರಬರುವವರೆಗೂ ನಾನು ಅವರ ಕೈ ಬಿಡಲಿಲ್ಲ, ಅವರು ಒಗ್ಗರಣೆಯನ್ನು ಬಿಡಲಿಲ್ಲ.

ಆ ಹೋಟೆಲಿನಲ್ಲಿ ನಾನು ಎಷ್ಟೋ ಸಲ ಇಡ್ಲಿ ತಿಂದಿದ್ದೆ. ಆರ್ಡರ್ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ ಕೊಡುತ್ತಿದ್ದೆ. ಹಾಗಾಗಿ ಇನ್ನೊಂದು ಪಾತ್ರೆ ಇದೆಯೆಂದು ನನಗೆ ತಿಳಿದದ್ದು ಮಾಲೀಕರ ತಲೆ ತೆರೆದ ಮೇಲೆಯೇ.