ಮೂರು ಚುಕ್ಕಿಯ ಪಿಟೀಲು

ಕಾಳಮ್ಮಾ, ಆ ಪಿಟೀಲು ನಿನ್ನ ಮುತ್ಯಾನೇ ಮಾಡಿದ್ದು. ನನಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಇಲ್ಲವೆಂದೆ.

ಇಷ್ಟು ಬರೆಯಲು ಅರವತ್ತು ವರ್ಷ — ವಾಟ್ ನಾನ್‌ಸೆನ್ಸ್, ನನ್ನ ಮೇಲೆ ನನಗೇ ರೇಗುತ್ತದೆ.

ಗದ್ವಾಲದ ಬಡಿಗ ಮೋನಪ್ಪ, ನಿನ್ನ ಮುತ್ಯಾ, ಮಗ್ಗಕ್ಕೆ ಲಾಳಿ ಮಾಡುತ್ತಿದ್ದವನು. ಸಾಹೇಬನೊಬ್ಬ ರಿಪೇರಿಗೆ ಕೊಟ್ಟ ವಿಲಾಯತಿ ಪಿಟೀಲನ್ನು ನೋಡಿ ನೋಡಿ, ಅಂಥದ್ದೇ ಇನ್ನೊಂದು ಕೆತ್ತಿ, ನಾರಾಯಣಪೇಟೆಯ ನಮ್ಮ ಮನೆಗೆ ಮಾರಿದ ಎಂಬುದು ನಿಮ್ಮವರ ಮಾತು. ನಮ್ಮ ಸೀರೆ ವ್ಯಾಪಾರಿಗಳ ಮನೆಯಲ್ಲಿ ಮಾತ್ರ ಅದು ಇಟಾಲಿಯನ್. ಕಾನ್ವೆಂಟಿನ ಸ್ಟೇಜಿನಲ್ಲಿ ನಾನದನ್ನು ನುಡಿಸುವ ಮುಂಚೆ ಸಿಸ್ಟರ್ ಹಾಗೆಂದೇ ಅನೌನ್ಸ್ ಮಾಡಿದ್ದರು, ನಾನು ಉಬ್ಬಿಹೋಗಿದ್ದೆ.

ಆ ವಾರವೇ ನಿಮ್ಮಪ್ಪ ನಿನ್ನನ್ನು ಮಕ್ತಲ್‌ನಿಂದ ನಮ್ಮ ಮನೆಗೆ ಕಳಿಸಿದ. ಪಡಸಾಲೆಯ ಕಂಬಕ್ಕೊರಗಿ ಕುಳಿತು ನೀನು ಕೇಳಿದೆ: “ಅಕ್ಕಾರ, ನೀವು ಇಂಗ್ಲಿಷ್ ಓದಿದೋರು. ಒಳಗ ನಮ್ಮ ಮುತ್ಯಾನ ಗುರ್ತು ಐತೇನ್ ನೋಡ್ರಿ. ಇಲ್ಲಂದ್ರ ಇಲ್ಲನ್ರಿ, ಬಡಾಯಿ ಹೊಡಿಯಾಕೂ ಗಟ್ಟಿಗನಂತ ಅವ.”

ಪಿಟೀಲಿನ ಕಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಇಂಗ್ಲಿಷ್ ಅಕ್ಷರದ ಲೇಬಲ್ — ಅದನ್ನೂ ಕೈಯಿಂದಲೇ ಕಾಪಿ ಮಾಡಿದ್ದ. ಮೂಲದಲ್ಲಿ ಇದ್ದಿರಬೇಕಾದ ಬಿರುಕನ್ನೂ ಬಿಡದೆ ಗೆರೆಯಾಗಿ ಕೊರೆದಿದ್ದ. ಲೇಬಲ್ಲಿನ ಪಕ್ಕ, ಕಾದ ಸೂಜಿಯಲ್ಲಿ ಸುಟ್ಟ ಮೂರು ಚುಕ್ಕಿ. ನಮ್ಮ ನೇಕಾರರ ಹಳೆಯ ಲಾಳಿಗಳ ಮೇಲೆಲ್ಲ ಇದ್ದ, ಮೋನಪ್ಪನ ಗುರುತು.

ಪಿಟೀಲನ್ನು ನಿನ್ನ ಕೈಗೆ ಕೊಡಲಿಲ್ಲ.

“ಇಲ್ಲ ಕಾಳಮ್ಮ, ಇದು ಇಂಪೋರ್ಟೆಡ್. ವಿಲಾಯತಿ ಹೆಸರೇ ಐತಿ” ಎಂದೆ.

“ಹೌದೇನ್ರಿ,” ನೀನು ನಕ್ಕೆ. “ನಮ್ಮಪ್ಪ ಇದನ್ನ ಮಾಡಿದ ಕಟ್ಟಿಗಿ ಅಚ್ಚಂತ ಒಂದ್ ತುಂಡು ದೇವರ ಮಗ್ಗಲದಾಗ ಇಟ್ಟಾನ್ರಿ. ಹುಚ್ಚಪ್ಪ.”

ಮರುವಾರ, ನನ್ನ ಮಾತು ನಂಬಿ, ಆ ಅಚ್ಚನ್ನು ನಿಮ್ಮಪ್ಪನೇ ನೀರೊಲೆಗೆ ಹಾಕಿದನೆಂದು ಕೇಳಿದೆ. ಆಗಲಾದರೂ — ಇಲ್ಲ. ಬಾಯಿ ಬಿಡಲಿಲ್ಲ.

ಮೊನ್ನೆ ಹೈದರಾಬಾದಿನಿಂದ ಬಂದು ಪಿಟೀಲನ್ನು ಪರೀಕ್ಷಿಸಿದ ತಜ್ಞರು ಕಾಪಿ ಎಂದರು. ಮೊಮ್ಮಗಳ ಮುಖ ಸಪ್ಪಗಾಯಿತು: “ಹಂಗಾದ್ರ ಡೂಪ್ಲಿಕೇಟೇನಜ್ಜಿ?” ಡೂಪ್ಲಿಕೇಟಂತೆ. ಒಬ್ಬರಾದರೂ ನುಡಿಸಿ ನೋಡಿದರಾ? ಅವಳನ್ನು ಗದರಿದೆ, ಗದರಬೇಕಾದದ್ದು —

ಇಷ್ಟು ಬರೆದ ಮೇಲೆ ನೆನಪಾಯಿತು, ನಿನಗೆ ಓದಲು ಬಾರದು. ಈ ಕಾಗದವನ್ನೂ ಯಾರೋ ಓದಿ ಹೇಳಬೇಕು, ನೀನು ಮತ್ತೆ ನಂಬಬೇಕು. ಸಾಕು ಅದು. ಬೆಳಗಿನ ಬಸ್ಸಿಗೆ ಮಕ್ತಲ್‌ಗೆ ನಾನೇ ಬರುತ್ತೇನೆ. ಸುಟ್ಟುಹೋದ ಅಚ್ಚಿಗೆ ಏನು ಹೇಳಬೇಕೋ ತಿಳಿಯದು. ಪಿಟೀಲನ್ನು ನಿನ್ನ ತೊಡೆಯ ಮೇಲಿಟ್ಟು ಟಾರ್ಚನ್ನು ನಿನ್ನ ಕೈಗೆ ಕೊಡುತ್ತೇನೆ. ಈ ಸಲ ನಾನೇನೂ ಓದಿ ಹೇಳುವುದಿಲ್ಲ.