ಮೂರನೆಯ ಮಾನಿಟರ್

ಯಲಬುರ್ಗಾದಲ್ಲಿ ಜಮೀನು ಅಳೆಯುವುದು ನನ್ನ ಕೆಲಸ. ಹಗಲೆಲ್ಲ ಬದುವಿನ ಮೇಲೆ ನಿಂತು ಅಣ್ಣತಮ್ಮಂದಿರ ಜಗಳ ಕೇಳುತ್ತ ಗಡಿ ಗುರುತಿಸುವುದು, ಸಂಜೆ ಮನೆಗೆ ಬಂದು ಕಂಪ್ಯೂಟರ್ ಬಿಚ್ಚಿ ಜೋಡಿಸುವುದು, ಹೀಗೆ ಇಪ್ಪತ್ತು ವರ್ಷ ಕಳೆದಿದ್ದೆ. ಕುಡಿತವಿಲ್ಲ, ಇಸ್ಪೀಟಿಲ್ಲ, ನನಗೆ ಚಟವೇ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಈ ಹವ್ಯಾಸದ ಸ್ವಭಾವವೇ ಹಾಗೆ. ಒಂದು ಭಾಗ ಹೊಸದು ತಂದರೆ ಉಳಿದವೆಲ್ಲ ಅವತ್ತೇ ಹಳೆಯವಾಗುತ್ತವೆ. ಹೊಸ ಪ್ರೊಸೆಸರ್ ಹಳೆಯ ಮದರ್‌ಬೋರ್ಡಿಗೆ ಕೂಡುವುದಿಲ್ಲ. ಬೋರ್ಡ್ ಬದಲಿಸಿದರೆ ರ‍್ಯಾಮ್ ಬದಲಿಸಬೇಕು. ಗ್ರಾಫಿಕ್ಸ್ ಕಾರ್ಡ್ ದೊಡ್ಡದಾದರೆ ವಿದ್ಯುತ್ ಪೂರೈಸುವ ಡಬ್ಬಿ ಸಾಲುವುದಿಲ್ಲ. ಗಂಗಾವತಿಯ ಒಂದು ಸಣ್ಣ ಅಂಗಡಿಯಿಂದ ಇವನ್ನೆಲ್ಲ ತರುತ್ತಿದ್ದೆ. ಅಂಗಡಿಯವನು ನನ್ನ ಓರಗೆಯವನೇ, ಸಾಬರ ಪೈಕಿ. ಅವನ ಹತ್ತಿರ ಚಹಾ ಕುಡಿಯಲೆಂದು ಹೋಗಿ, ಬರುವಾಗ ಏನಾದರೂ ಬಗಲಲ್ಲಿಟ್ಟುಕೊಂಡು ಬಂದದ್ದೇ ಹೆಚ್ಚು.

ನನ್ನ ಹೆಂಡತಿ ತಳಕಲ್ಲಿನ ಶಾಲೆಯಲ್ಲಿ ಶಿಕ್ಷಕಿ. ಒಮ್ಮೆ ನಾನು ಹೊಸ ಫ್ಯಾನ್ ಕೂರಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದ್ದಳು.

"ಇಷ್ಟೆಲ್ಲಾ ಹಾಕಿ ಅದರಾಗ ನೀವು ಮಾಡೋದರ ಏನ್ರಿ?"

"ಮಾಡೋದೇನೂ ಇಲ್ಲ. ನೋಡು, ಸಪ್ಪಳಾ ಇಲ್ಲದಂಗ ಓಡತೈತಿ."

ಅವಳು ನಕ್ಕು ಒಳಗೆ ಹೋದಳು. ಆಗ ಇನ್ನೂ ನಗುತ್ತಿದ್ದಳು.

ಹೋದ ವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಊರಿನ ನಕ್ಷೆಯೊಂದನ್ನು ತೆರೆದು ಕೂತಿದ್ದೆ. ಸರ್ವೆ ನಂಬರಿನ ಗಡಿಗೆರೆ ನಡುವೆ ಬಾಗಿತ್ತು. ನೆಟ್ಟಗೆ ಇರಬೇಕಾದದ್ದು ನೀರಿನಲ್ಲಿ ಅದ್ದಿದ ಕೋಲಿನಂತೆ ಒಂದು ಕಡೆ ಸೊಟ್ಟಗಾಗಿ, ಬಾಗಿದ ಜಾಗದಲ್ಲಿ ಬೂದಿ ಉಜ್ಜಿದ ಹಾಗೆ ಮಬ್ಬಾಗಿತ್ತು. ಮಾನಿಟರ್ ಕೆಟ್ಟಿತು ಎಂದುಕೊಂಡೆ. ನಮ್ಮ ಕಡೆ ಕರೆಂಟು ಏರಿಳಿಯುವುದು ಹೊಸದೇನಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ.

"ಈ ಗೆರಿ ಸೊಟ್ಟ ಐತಲ್ಲ?"

"ನೆಟ್ಟಗ ಐತಲ್ರಿ."

"ಸರಿಯಾಗಿ ನೋಡು."

"ನೋಡೇ ಹೇಳಾಕತ್ತೀನಿ. ನೆಟ್ಟಗ ಐತಿ."

ಇವಳಿಗೆ ಇದರಲ್ಲೇನು ತಿಳಿಯುತ್ತದೆ ಎಂದುಕೊಂಡು ಗಂಗಾವತಿಯ ಅಂಗಡಿಗೆ ಫೋನು ಮಾಡಿದೆ. ವಾರದೊಳಗೆ ಎರಡನೆಯ ಮಾನಿಟರ್ ಪಾರ್ಸೆಲ್ಲಿನಲ್ಲಿ ಬಂತು. ಅದರಲ್ಲೂ ಗೆರೆ ಬಾಗಿಯೇ ಇತ್ತು. ಹಾಗಾದರೆ ಕೇಬಲ್ಲು. ಕೇಬಲ್ ಬದಲಿಸಿದೆ. ಹಾಗಾದರೆ ಗ್ರಾಫಿಕ್ಸ್ ಕಾರ್ಡು. ಅದಕ್ಕೆ ನನ್ನ ಒಂದು ಠೇವಣಿ ಮುರಿದೆ, ಮನೆಯಲ್ಲಿ ಹೇಳಲಿಲ್ಲ. ಹೊಲದಲ್ಲಿ ಅಳತೆಯ ಯಂತ್ರಕ್ಕೆ ಬಲಗಣ್ಣಿಟ್ಟಾಗಲೂ ದೂರದ ಕೋಲು ಅಲುಗಾಡುತ್ತಿತ್ತು. ಅದನ್ನು ಬಿಸಿಲ ಝಳದ ಲೆಕ್ಕಕ್ಕೆ ಹಾಕಿದೆ. ಇರಕಲ್ಲಗಡದ ಕಡೆಯ ಬಂಡೆಗಳ ನಡುವೆ ಮೇ ತಿಂಗಳಲ್ಲಿ ಯಾವುದು ತಾನೇ ನೆಟ್ಟಗೆ ನಿಲ್ಲುತ್ತದೆ?

ಕೊನೆಗೆ ಮೂರನೆಯ ಮಾನಿಟರ್ ತರಲು ಗಂಗಾವತಿಗೆ ಹೋದೆ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದು. ಹಣ ಕೊಟ್ಟು, ಇಲ್ಲೇ ಹಚ್ಚಿ ತೋರಿಸು ಎಂದೆ. ಅಂಗಡಿಯವನು ಹಚ್ಚಿ, ನಾನು ತಂದಿದ್ದ ನಕ್ಷೆಯನ್ನು ತೆರೆದ. ಗೆರೆ ಬಾಗಿತ್ತು.

"ಇದೂ ಹಂಗ ಐತಲ್ಲೋ ಮಾರಾಯಾ!"

"ಹೆಂಗ್ ಐತ್ರಿ ಸರ್? ನನ್ನ ಕಣ್ಣಿಗೆ ಬರಾಬರ್ ಕಾಣತೈತಿ."

ಅಷ್ಟರಲ್ಲಿ ಅಕ್ಕಿ ಗಿರಣಿಯಿಂದ ಬಂದ ಲಾರಿಯೊಂದು ಅಂಗಡಿಯ ಮುಂದೆ ಹಾದು, ಹೊಟ್ಟಿನ ಧೂಳು ಒಳಗೆ ನುಗ್ಗಿತು. ಬಲಗಣ್ಣಿಗೆ ಕಸ ಬಿತ್ತು. ಆ ಕಣ್ಣು ಮುಚ್ಚಿ ಉಜ್ಜಿಕೊಳ್ಳುತ್ತ ಪರದೆಯ ಕಡೆ ನೋಡಿದೆ. ಗೆರೆ ನೆಟ್ಟಗಿತ್ತು. ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಬಲಗಣ್ಣು ತೆರೆದೆ, ಬಾಗಿತು. ಮುಚ್ಚಿದೆ, ನೆಟ್ಟಗಾಯಿತು. ಮತ್ತೆ ಮತ್ತೆ ಹಾಗೇ ಮಾಡಿದೆ.

"ಸರ್, ಏನಾತ್ರಿ?" ಎಂದು ಅವನು ನನ್ನ ತೋಳು ಹಿಡಿದ. "ಕುಂದರ್ರಿ, ನೀರು ಕುಡೀರಿ."

ಆ ದೊಡ್ಡ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ. ದಾರಿಯುದ್ದಕ್ಕೂ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಕೊಪ್ಪಳದ ಕಣ್ಣಿನ ಡಾಕ್ಟರು ಹನಿ ಹಾಕಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು.

"ಶುಗರ್ ಎಷ್ಟು ವರ್ಷ ಆತ್ರಿ?"

"ಆರೇಳು ವರ್ಷ ಆಗಿರಬೇಕ್ರಿ."

"ಹಿಂದಕ್ಕ ಯಾವಾಗ ಟೆಸ್ಟ್ ಮಾಡಿಸಿದ್ರಿ?"

ನೆನಪಾಗಲಿಲ್ಲ. ಗುಳಿಗೆ ಇದ್ದಾಗ ನುಂಗುತ್ತಿದ್ದೆ, ತೀರಿದರೆ ಮರೆಯುತ್ತಿದ್ದೆ. ಕಣ್ಣಿನ ಹಿಂದಿನ ಪರದೆಯ ನಡುವೆ ನೀರು ತುಂಬಿದೆ, ತಡವಾಗಿದೆ, ಹುಬ್ಬಳ್ಳಿಗೆ ಹೋಗಿ ಕಣ್ಣಿನೊಳಕ್ಕೇ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು, ಒಂದರಿಂದ ಮುಗಿಯುವುದಿಲ್ಲ ಎಂದರು. ಇದ್ದದ್ದು ಉಳಿದರೆ ದೊಡ್ಡದು ಎಂದೂ ಸೇರಿಸಿದರು.

ಹೊರಗೆ ಬಂದ ಮೇಲೆ, ಜೊತೆಗೆ ಬಂದಿದ್ದ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು.

"ಆ ಕಂಪ್ಯೂಟರ್ ಡಬ್ಬಿ ಎಷ್ಟು ಬಿಸಿ ಆಗೇತಿ ಅಂತ ದಿನಾ ನೋಡ್ತಿದ್ರಿ. ಧೂಳು ಕುಂತ್ರ ಊದಿ ಊದಿ ಒರಸ್ತಿದ್ರಿ. ಒಂದು ಹನಿ ರಕ್ತ ಕೊಡಾಕ ಆಗಲಿಲ್ಲೇನ್ರಿ ನಿಮಗ?"

ನಾನು ಡಾಕ್ಟರು ಬರೆದ ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡೆ. ಅವಳು ಬಿಡಲಿಲ್ಲ.

"ಇಷ್ಟು ವರ್ಷದಾಗ ಅದಕ್ಕ ಎಷ್ಟು ಹಾಕೀರಿ? ಖರೇ ಹೇಳ್ರಿ."

ಕೂಡಿಸಲು ಹೋದೆ, ಆಗಲಿಲ್ಲ. ಒಂದು ಮೌಸು, ಒಂದು ಕೀಬೋರ್ಡು, ಒಂದು ಫ್ಯಾನು, ಪ್ರತಿಯೊಂದೂ ತಂದಾಗ ಸಣ್ಣದೇ. ಅವಳಿಗೆ ಹೇಳಿದ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ. ಬಾಯಿಗೆ ಬಂದ ಒಂದು ಮೊತ್ತ ಹೇಳಿದೆ.

"ಅಷ್ಟು ನನಗ ಗೊತ್ತಿದ್ದದ್ದು," ಎಂದಳು. "ಗೊತ್ತಿಲ್ಲದ್ದು ಕೇಳಿದೆ."

ಮನೆ ಕಟ್ಟಿದಾಗ ಮೇಲೊಂದು ಅಂತಸ್ತು ಏರಿಸಬೇಕೆಂದು ಕಂಬದ ಕಬ್ಬಿಣವನ್ನು ಹಾಗೇ ಬಿಟ್ಟಿದ್ದೆವು. ಅವು ತುಕ್ಕು ಹಿಡಿದು ನಿಂತಿವೆ. ಆ ಅಂತಸ್ತು ಎಲ್ಲಿ ಹೋಯಿತೆಂದು ಅವತ್ತು ನನಗೆ ತಿಳಿಯಿತು.

ಇಂಜೆಕ್ಷನ್ನಿನ ಬೆಲೆ ಕೇಳಿದ ಮೇಲೆ ಎಲ್ಲವನ್ನೂ ಮಾರಿಬಿಡುವುದೆಂದು ನಿಶ್ಚಯಿಸಿದೆ. ಗಂಗಾವತಿಯ ಅಂಗಡಿಗೆ ಫೋನು ಮಾಡಿ, ಹೊಸ ಕಾರ್ಡು ಎಷ್ಟಕ್ಕೆ ಹೋಗುತ್ತದೆ ಎಂದು ಕೇಳಿದೆ.

"ಸರ್, ನಿಮ್ಮ ಮುಂದ ಸುಳ್ಳ ಹೇಳಂಗಿಲ್ಲ. ಅರ್ಧ ಬಂದ್ರ ಅಲ್ಲಾನ ಮೆಹರಬಾನಿ. ಮಾನಿಟರ್ ಮೂರೂ ನಾನೇ ವಾಪಸ್ ತಗೋತಿದ್ದೆ, ಆದ್ರ ನನ್ನ ಅಂಗಡೀನೇ ನಡೀವಲ್ದು."

ಕಪಾಟಿನಲ್ಲಿದ್ದ ಹಳೆಯ ಭಾಗಗಳನ್ನು ಎರಡು ಚೀಲಕ್ಕೆ ತುಂಬಿ ಕುಷ್ಟಗಿಗೆ ಒಯ್ದೆ. ಅಲ್ಲಿ ಹಳೆಯ ಕಂಪ್ಯೂಟರ್ ಕೊಳ್ಳುವವನೊಬ್ಬನಿದ್ದಾನೆಂದು ಕೇಳಿದ್ದೆ. ಅವನು ಚೀಲದೊಳಗೆ ಕೈ ಹಾಕಿ ಅಲ್ಲಾಡಿಸಿ ನೋಡಿದ.

"ಇವೆಲ್ಲ ತೂಕಕ್ಕ ಹೋಗತಾವ್ರಿ."

"ಎಲ್ಲಾ ನಡೀತಾವಪಾ. ಒಂದೂ ಕೆಟ್ಟಿಲ್ಲ. ಬೇಕಾರ ಹಚ್ಚಿ ತೋರಸ್ತೀನಿ."

"ನಡೀತಾವ್ರಿ, ಇಲ್ಲ ಅನ್ನಂಗಿಲ್ಲ. ಕೇಳೋರಿಲ್ಲ."

ಒಡೆದ ಮಿಕ್ಸರ್ ಇದ್ದ ತಕ್ಕಡಿಯಲ್ಲೇ ನನ್ನ ಬೋರ್ಡುಗಳನ್ನೂ ಸುರಿದ. ಹೊಸತಾಗಿದ್ದಾಗ ಬರಿಗೈಯಿಂದ ಮುಟ್ಟಲೂ ನಾನು ಹೆದರುತ್ತಿದ್ದ ಬೋರ್ಡುಗಳು ಅವು. ಬಂದ ದುಡ್ಡು ಹುಬ್ಬಳ್ಳಿಗೆ ಒಂದು ಸಲ ಇಬ್ಬರೂ ಹೋಗಿಬರಲು ಸಾಕಾಯಿತು. ಇಂಜೆಕ್ಷನ್ನಿಗೆ ಹೆಂಡತಿ ತನ್ನ ಸಂಬಳದಿಂದ ಕೊಟ್ಟಳು.

ಮೂರು ಇಂಜೆಕ್ಷನ್ ಆದ ಮೇಲೂ ಬಲಗಣ್ಣಿನ ನಡುವಿನ ಮಬ್ಬು ಹೋಗಲಿಲ್ಲ. ಆ ಕಣ್ಣಿಗೆ ಎದುರಿನವರ ಕಿವಿ ಕಾಣುತ್ತದೆ, ಕೂದಲು ಕಾಣುತ್ತದೆ, ಮುಖ ಕಾಣುವುದಿಲ್ಲ. ಅದಕ್ಕೂ ಒಗ್ಗಿಕೊಳ್ಳುತ್ತಿದ್ದೆ. ದೀಪಾವಳಿಯ ನಂತರ ಒಂದು ಬೆಳಿಗ್ಗೆ ಬಲಗಣ್ಣು ಮುಚ್ಚಿ ನೋಡಿದರೆ ಬಾಗಿಲ ಚೌಕಟ್ಟು ಎಡಗಣ್ಣಿಗೂ ಸೊಟ್ಟಗೆ ಕಂಡಿತು.

ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಹೇಳಿದೆ. ಬಡಿಯುವ ಸದ್ದು ನಿಂತಿತು.

"ಯಾವಾಗಿಂದ?"

"ಇವತ್ತ ಮುಂಜಾನೆಯಿಂದ."

"ದೇವರಾಣೆ?"

"ದೇವರಾಣೆ."

ಹೆಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿತ್ತು. ಅದನ್ನು ತೆಗೆಯದೆ ಒಲೆ ಆರಿಸಿ, ಕೈಯಲ್ಲಿದ್ದ ಹಿಟ್ಟು ತೊಳೆಯದೆಯೇ ಶಾಲೆಗೆ ರಜೆ ಹೇಳಲು ಫೋನು ಹುಡುಕಿದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಹನಿ ಹಾಕಿ ಕೂರಿಸಿದ್ದರು. ಸುತ್ತಲೂ ಬರೀ ಬೆಳಕು, ಆಕಾರಗಳಿಲ್ಲ. ಹೆಂಡತಿಯ ಕೈ ಹಿಡಿದುಕೊಂಡೇ ಇದ್ದೆ.

"ಇದೂ ಹೋದ್ರ?" ಎಂದೆ.

"ಹೋಗಂಗಿಲ್ಲ," ಎಂದಳು. ಆಮೇಲೆ ಮೆಲ್ಲಗೆ, "ನನಗೂ ಗೊತ್ತಿಲ್ರಿ," ಎಂದಳು. ಅವಳು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ಮದುವೆಯಾದಾಗಿನಿಂದ ಅವಳು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಅವತ್ತೂ ಕಾಣಲಿಲ್ಲ, ಕೈಗೆ ತಿಳಿಯಿತು.

ಎಡಗಣ್ಣು ಸದ್ಯಕ್ಕೆ ಉಳಿದಿದೆ. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ. ಹೊಲದ ಕೆಲಸ ಬಿಟ್ಟು ಕಚೇರಿಯೊಳಗೆ ಕೂರುತ್ತೇನೆ. ಇನ್ನೊಬ್ಬರು ಅಳೆದು ತಂದದ್ದನ್ನು ಗಟ್ಟಿಯಾಗಿ ಓದಿಸಿ ಕೇಳುತ್ತೇನೆ. ಕಾರ್ಡು ಕನಕಗಿರಿಯ ಯಾರಿಗೋ ಹೋಯಿತು, ಉಳಿದ ಎರಡು ಮಾನಿಟರುಗಳೂ ಹೋದವು. ದೊಡ್ಡದನ್ನು ಮಾತ್ರ ಹೆಂಡತಿ ಮಾರಲು ಬಿಡಲಿಲ್ಲ. ಒಂದೊಂದು ಅಕ್ಷರವನ್ನೂ ಮುಷ್ಟಿಯಷ್ಟು ದಪ್ಪ ಮಾಡಿ ಇದನ್ನು ಅದರ ಮೇಲೆಯೇ ಬರೆದಿದ್ದೇನೆ. ತಪ್ಪುಗಳನ್ನು ಅವಳು ತಿದ್ದಿದ್ದಾಳೆ.

ಬೆಳಿಗ್ಗೆ ಎಚ್ಚರವಾದರೂ ಕೂಡಲೇ ಕಣ್ಣು ತೆರೆಯುವುದಿಲ್ಲ. ನೀರು ತುಂಬುವ ಸದ್ದು, ಬೀದಿಯಲ್ಲಿ ಹಾಲಿನವನ ಕೂಗು ಕೇಳುತ್ತ ಹಾಗೇ ಮಲಗಿರುತ್ತೇನೆ.

"ಎದ್ದೀರೇನ್ರಿ?" ಎಂದು ಅಡುಗೆಮನೆಯಿಂದ ಕೇಳುತ್ತಾಳೆ.

"ಎದ್ದೀನಿ," ಎನ್ನುತ್ತೇನೆ, ಕಣ್ಣು ಮುಚ್ಚಿಕೊಂಡೇ.